ಭೈರವದ ಒಂದು ಪುಟ

ನಮ್ಮ ಸಂಗೀತದ ಗುರುಗಳ ಹತ್ತಿರ, ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರು ರಾಗಗಳ ಹಾಡುಗಳನ್ನು ಸ್ವರಲಿಪಿಯಲ್ಲಿ, ಅಂದರೆ ಸ್ವರಗಳನ್ನು ಅಕ್ಷರ-ಗುರುತುಗಳಲ್ಲಿ, ಬರೆದಿಟ್ಟ ಕ್ರಮಿಕ ಪುಸ್ತಕ ಮಾಲಿಕೆಯ ಎರಡನೇ ಭಾಗ ಇದೆ. ಮರಾಠಿಯದ್ದು. ಹರೆಯದಲ್ಲಿ ಸೊಲ್ಲಾಪುರದಿಂದ ತಂದದ್ದಂತೆ. ಈ ಬೇಸಿಗೆಯಲ್ಲಿ ಪೆಟ್ಟಿಗೆ ತೆಗೆದು ನೋಡಿದರೆ ಗೆದ್ದಲು ಹತ್ತಿತ್ತು. ಯಮನ್ ರಾಗ ಉಳಿದಿತ್ತು. ಭೈರವ ರಾಗದ ಒಂದು ಹಾಳೆ ಪೂರ್ತಿ ಹೋಗಿತ್ತು.

"ಬಿಡವ್ವ, ಹಾಡಿ ಹೇಳಿಕೊಡ್ತೀನಿ" ಎಂದರು. ಆದರೆ ಆ ಪುಸ್ತಕವನ್ನು ಅವರು ಸವರುತ್ತಿದ್ದ ರೀತಿ ನೋಡಿ ನನಗೆ ಸುಮ್ನೆ ಇರಲಾಗಲಿಲ್ಲ.

ಮರುದಿನ ಬಿಸಿಲೇರುವ ಮುಂಚೆಯೇ ಕಲಬುರಗಿಯ ಒಂದು ಲೈಬ್ರರಿಗೆ ಹೋದೆ. ಕಪಾಟಿನಲ್ಲಿ ಪುಸ್ತಕ ಇರಲಿಲ್ಲ. ಅಲ್ಲಿನ ಕಂಪ್ಯೂಟರಿನಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನ್ ಸಿಗುವ ಇಂಟರ್ನೆಟ್ ಆರ್ಕೈವ್ ಜಾಲತಾಣ ತೆರೆದು ಕನ್ನಡದಲ್ಲಿ ಹೆಸರು ಹಾಕಿದೆ. ಏನೂ ಬರಲಿಲ್ಲ. ಭೈರವ ಎಂದು ಹಾಕಿದೆ. ಬೇರೆ ಏನೇನೋ ಬಂತು.

ಲೈಬ್ರರಿಯವರು ಹಿಂದೆ ನಿಂತು ನೋಡುತ್ತಿದ್ದರು. "ಹಂಗ ಸಿಗಂಗಿಲ್ರಿ ಅಕ್ಕಾರ. ಇಂಗ್ಲಿಷ್ ಅಕ್ಷರದಾಗ ಹಾಕ್ರಿ, ಸ್ಪೆಲ್ಲಿಂಗ್ ಬದಲು ಮಾಡಿ ಮಾಡಿ ನೋಡ್ರಿ."

ಅವರು ಹೇಳಿದ್ದು ಸರಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಆ ಜಾಲತಾಣದಲ್ಲಿ ರಾಶಿ ಇವೆ. ಹೆಸರುಗಳನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. 'ಭಾತಖಂಡೆ'ಗೆ ಒಂದು ಎ ಜಾಸ್ತಿ ಹಾಕಿದಾಗ ಪುಸ್ತಕ ಎದುರಿಗೆ ಬಂತು! ಭಾತಖಂಡೆಯವರು ತೀರಿಕೊಂಡದ್ದು 1936ರಲ್ಲಿ. ನಮ್ಮ ದೇಶದಲ್ಲಿ ಬರೆದವರು ಹೋಗಿ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ಮರಾಠಿ ಮೂಲವನ್ನು ಇಳಿಸಿಕೊಳ್ಳಲು ಅಡ್ಡಿ ಇರಲಿಲ್ಲ.

ಪುಟ ತೆರೆದೆ. ಹಾಡಿಕೊಂಡು ನೋಡಿದೆ. ಏನೋ ತಪ್ಪಿದೆ ಅನ್ನಿಸಿತು. ಭೈರವದಲ್ಲಿ ರಿ, ಧ ಎರಡೂ ಕೋಮಲ, ಅಂದರೆ ಸ್ವಲ್ಪ ಇಳಿಸಿ ಹಾಡುವ ಸ್ವರಗಳು. ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರದ ಕೆಳಗೆ ಒಂದು ಅಡ್ಡಗೆರೆ ಇರುತ್ತದೆ. ಈ ಪ್ರತಿಯಲ್ಲಿ ಗೆರೆಗಳೇ ಇಲ್ಲ. ಬರೀ ಕಪ್ಪು ಬಿಳುಪು ಮಾಡುವಾಗ ತೆಳು ಗೆರೆಗಳು ಅಳಿಸಿಹೋಗಿದ್ದವು. ಮಂದ್ರ, ಅಂದರೆ ಕೆಳಗಿನ ಸ್ಥಾಯಿಯ, ಸ್ವರಗಳ ಅಡಿಯ ಚುಕ್ಕೆಗಳದ್ದೂ ಇದೇ ಕತೆ. ಸಾ ಆದ ಮೇಲೆ ಒಂದು ನಿ ಇತ್ತು. ಅದರ ಕೆಳಗಿದ್ದದ್ದು ಚುಕ್ಕೆಯೋ ಕಾಗದದ ಕಲೆಯೋ? ಚುಕ್ಕೆಯಾದರೆ ಸ್ವರ ಕೆಳಗಿಳಿಯಬೇಕು, ಕಲೆಯಾದರೆ ಮೇಲಕ್ಕೆ ಹಾರಬೇಕು. ಕಥೆ-ಕಾದಂಬರಿಯಲ್ಲಿ ಒಂದು ಚುಕ್ಕೆ ಹೋದರೂ ನಾವು ಊಹಿಸಿ ಓದಿಕೊಳ್ಳುತ್ತೇವೆ. ಸ್ವರಲಿಪಿಯಲ್ಲಿ ರಾಗವೇ ಕೆಡುತ್ತದೆ, ಅಲ್ವಾ?

ಮತ್ತೆ ಹುಡುಕಿದೆ. ಬೇರೊಂದು ಸ್ಪೆಲ್ಲಿಂಗ್‌ನಲ್ಲಿ ಬಣ್ಣದ ಸ್ಕ್ಯಾನ್ ಸಿಕ್ಕಿತು. ಹಳದಿ ಕಾಗದದ ಮೇಲೆ ಗೆರೆಗಳೆಲ್ಲ ಕೂದಲೆಳೆಯಷ್ಟು ತೆಳ್ಳಗೆ, ಆದರೆ ಇದ್ದವು. ನಿ ಕೆಳಗಿದ್ದದ್ದು ಚುಕ್ಕೆಯೇ. ಸಣ್ಣ ಪಿಡಿಎಫ್ ಬಿಟ್ಟು ದೊಡ್ಡ ಚಿತ್ರದ ಫೈಲನ್ನೇ ಇಳಿಸಿಕೊಂಡೆ.

ಸಂಜೆ ಪ್ರಿಂಟ್ ಹಾಕಿಸಿ ಗುರುಗಳ ಮನೆಗೆ ಒಯ್ದೆ. ಕನ್ನಡಕ ಏರಿಸಿ ಸಾಲು ಸಾಲಾಗಿ ನೋಡಿದರು. ಕೋಮಲದ ಗೆರೆಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದರು. ಮೈದಾ ಅಂಟು ಕಾಯಿಸಲು ಒಳಗೆ ಹೇಳಿ, ಹರಿದ ಜಾಗದಲ್ಲಿ ಹಾಳೆಯನ್ನು ಇಟ್ಟು ಅಳೆದರು.

"ಮೂರನೇ ಭಾಗದಾಗ ಮಾಲಕಂಸ ರಾಗನೂ ಅರ್ಧ ಹೋಗ್ಯಾದ. ಅದೂ ಸಿಗ್ತದೇನು ನೋಡವ್ವ."