ಮಳೆ ಕೆಸರಲ್ಲಿ ನೂರು ಕಿಲೋಮೀಟರ್ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ರೇಸ್‌ಗೆ ಹೋಗೋರು ಇದನ್ನೊಮ್ಮೆ ಓದ್ಕೊಳ್ಳಿ

ನೂರು ಕಿಲೋಮೀಟರ್‌ನ ಎಂಟಿಬಿ ಮ್ಯಾರಥಾನ್ ಮುಗಿಸ್ಕೊಂಡು ಬಂದೆ. ಹಿಂದಿನ ರಾತ್ರಿ ಶುರುವಾದ ಮಳೆ ಕೊನೇವರೆಗೂ ಬಿಡ್ಲೇ ಇಲ್ಲ. ಇಂಥ ರೇಸ್‌ಗೆ ಹೆಸರು ಕೊಟ್ಟೋರೆಲ್ಲ ಮೊದ್ಲು ಕೇಳೋದು ಟ್ರೇನಿಂಗ್ ಪ್ಲಾನ್, ಆದ್ರೆ ಅವತ್ತು ಅರ್ಧಕ್ಕೇ ಬಿಟ್ಟೋರಲ್ಲಿ ನಾನು ಮಾತಾಡಿಸಿದ ಯಾರಿಗೂ ಕಾಲು ಸೋತಿರ್ಲಿಲ್ಲ. ಒಬ್ರಿಗೆ ಬ್ರೇಕ್ ಹೋಗಿತ್ತು, ಇನ್ನೊಬ್ರಿಗೆ ಹಿಂದಿನ ಡಿರೇಲರ್ (ಗೇರ್ ಬದಲಿಸೋ ಭಾಗ) ಫ್ರೇಮಿಗೆ ಕೂರೋ ಹ್ಯಾಂಗರ್ ಮುರಿದಿತ್ತು, ಉಳಿದೋರು ಚಳಿಗೆ ಗಡಗಡ ನಡುಗ್ತಾ ಕೂತಿದ್ರು. ಅದಕ್ಕೇ ಟ್ರೇನಿಂಗ್ ಬಗ್ಗೆ ಒಂದೇ ಮಾತು ಹೇಳ್ತೀನಿ, ವಾರಕ್ಕೊಂದು ಲಾಂಗ್ ರೈಡ್ ಇರ್ಲಿ, ಅದರಲ್ಲಿ ಕೆಲವನ್ನಾದ್ರೂ ಮಳೇಲೇ, ರೇಸ್ ದಿನ ಹೊರೋ ಬ್ಯಾಗು ಹಾಕ್ಕೊಂಡೇ ಮಾಡಿ.

ಈಗ ಬ್ರೇಕ್ ವಿಷಯಕ್ಕೆ ಬರೋಣ, ಯಾಕಂದ್ರೆ ಇದನ್ನ ಸುಮಾರು ಜನ ನೋಡೋದೇ ಇಲ್ಲ. ಡಿಸ್ಕ್ ಪ್ಯಾಡ್‌ನಲ್ಲಿ ರೆಸಿನ್ ಅಂತ ಒಂದು ಥರ, ಮೆಟಲ್ ಅಥವಾ ಸಿಂಟರ್ಡ್ ಅಂತ ಇನ್ನೊಂದು. ರೆಸಿನ್ ಒಣ ದಾರೀಲಿ ಸದ್ದಿಲ್ದೆ ಚೆನ್ನಾಗಿ ಹಿಡಿಯತ್ತೆ, ಆದ್ರೆ ಮರಳು ಸೇರಿದ ಕೆಸರಲ್ಲಿ ಹೊಸ ಪ್ಯಾಡ್ ಕೂಡ ಒಂದೇ ದಿನಕ್ಕೆ ಸವೆದು ಹೋಗ್ಬಹುದು. ಸಿಂಟರ್ಡ್ ಸ್ವಲ್ಪ ಕಿರುಚತ್ತೆ ಆದ್ರೆ ತುಂಬಾ ಬಾಳಿಕೆ ಬರತ್ತೆ. ಹಾಕೋ ಮುಂಚೆ ರೋಟರ್ (ಪ್ಯಾಡ್ ಒತ್ತಿ ಹಿಡಿಯೋ ಲೋಹದ ಡಿಸ್ಕ್) ಮೇಲೆ ಏನು ಬರ್ದಿದೆ ಓದಿ, ಕೆಲವು ರೋಟರ್‌ಗಳು ರೆಸಿನ್ ಪ್ಯಾಡ್‌ಗೆ ಮಾತ್ರ ಅಂತಾನೇ ಬರೋದು, ಅದಕ್ಕೆ ಮೆಟಲ್ ಪ್ಯಾಡ್ ಹಾಕಿದ್ರೆ ರೋಟರೇ ಸವೆದು ಹೋಗತ್ತೆ. ಹೊಸ ಪ್ಯಾಡನ್ನ ರೇಸ್ ದಿನ ಬೆಳಿಗ್ಗೆ ಹಾಕ್ಬೇಡಿ, ಮೊದ್ಲೇ ಹಾಕಿ ಸ್ಪೀಡಲ್ಲಿ ಹೋಗಿ ಬ್ರೇಕ್ ಹಿಡಿದು ನಿಧಾನ ಮಾಡೋದನ್ನ ಹದಿನೈದಿಪ್ಪತ್ತು ಸಲ ಮಾಡಿ, ಆಗ್ಲೇ ಅದು ಸರಿಯಾಗಿ ಕೂರೋದು.

ದೊಡ್ಡ ಇಳಿಜಾರಿನ ಮಧ್ಯೆ ಹಿಂದಿನ ಚಕ್ರದಿಂದ ಕರ್ರ್ ಅಂತ ಕಬ್ಬಿಣ ಉಜ್ಜೋ ಸದ್ದು ಬಂತು. ಪಕ್ಕಕ್ಕೆ ನಿಲ್ಸಿ ಚಕ್ರ ಬಿಚ್ಚಿ ನೋಡಿದ್ರೆ ಒಂದು ಕಡೆ ಪ್ಯಾಡಲ್ಲಿ ಬರೀ ತಗಡು ಉಳಿದಿತ್ತು. ಹೊಸ ಜೊತೆ ಬ್ಯಾಗಲ್ಲಿತ್ತು, ಹಳೇ ಪ್ಯಾಡ್ ಇರೋವಾಗ್ಲೇ ಟೈರ್ ಬಿಚ್ಚೋ ಲಿವರ್ ಮಧ್ಯೆ ತೂರಿಸಿ, ಪ್ಯಾಡನ್ನ ತಳ್ಳೋ ಪಿಸ್ಟನ್ ಹಿಂದಕ್ಕೆ ಒತ್ತಿ, ಪಿನ್ ಎಳೆದು, ಹೊಸದು ಕೂರ್ಸಿ ಹೊರಟೆ. ಇಷ್ಟನ್ನ ಮನೇಲಿ ಗ್ಲೌಸ್ ಹಾಕ್ಕೊಂಡು, ಕೈ ಒದ್ದೆ ಮಾಡ್ಕೊಂಡು ಪ್ರಾಕ್ಟೀಸ್ ಮಾಡಿದ್ದೆ, ನೀವೂ ಹಾಗೇ ಮಾಡಿ. ಚಳೀಲಿ ಬೆರಳು ಮರಗಟ್ಟಿರೋವಾಗ ಆ ಸಣ್ಣ ಪಿನ್ ಹಿಡಿಯೋಕೇ ಆಗಲ್ಲ. ಚಕ್ರ ಬಿಚ್ಚಿರೋವಾಗ ಬ್ರೇಕ್ ಲಿವರ್ ಮಾತ್ರ ಅಪ್ಪಿತಪ್ಪಿಯೂ ಒತ್ಬೇಡಿ, ಪಿಸ್ಟನ್ ಮುಂದೆ ಬಂದು ಕೂತ್ರೆ ಚಕ್ರ ವಾಪಸ್ ಹಾಕೋದೇ ಕಷ್ಟ.

ಟೈರ್ ವಿಷಯದಲ್ಲಿ ಅಗಲ ಜಾಸ್ತಿ ಇದ್ರೆ ಒಳ್ಳೇದು ಅನ್ನೋದು ಅಂಟು ಕೆಸರಲ್ಲಿ ನಡೆಯಲ್ಲ. ಎತ್ತರದ, ದೂರದೂರ ಇರೋ ಉಬ್ಬುಗಳ ಟೈರ್ ಆದ್ರೆ ಕೆಸರು ತಾನೇ ಉದುರತ್ತೆ, ಟೈರಿಗೂ ಫ್ರೇಮಿಗೂ ಮಧ್ಯೆ ಜಾಗನೂ ಉಳಿಯತ್ತೆ. ಗಾಳಿ ಒಣ ದಾರಿಗಿಂತ 2-3 ಪಿಎಸ್‌ಐ ಕಮ್ಮಿ ಸಾಕು. ಟ್ಯೂಬ್‌ಲೆಸ್ ಆದ್ರೆ ಒಳಗಿನ ಸೀಲಂಟ್ (ತೂತು ಮುಚ್ಚೋ ದ್ರವ) ಒಣಗಿದ್ಯಾ ಅಂತ ನೋಡಿ, ಜೊತೆಗೆ ವಾಲ್ವ್ ನಟ್ಟನ್ನ ಮನೇಲೇ ಒಮ್ಮೆ ಬಿಚ್ಚಿ ಕೈಯಲ್ಲಿ ತಿರುಗೋ ಹಾಗೆ ಬಿಗಿ ಮಾಡಿ. ದಾರೀಲಿ ಟೈರ್ ಹರಿದು ಟ್ಯೂಬ್ ಹಾಕೋ ಪರಿಸ್ಥಿತಿ ಬಂದಾಗ ಆ ನಟ್ ಅಂಟ್ಕೊಂಡಿದ್ರೆ ವಾಲ್ವ್ ತೆಗೆಯೋಕಾಗ್ದೆ ಅಲ್ಲೇ ರೇಸ್ ಮುಗೀತು. ಟೈರ್ ತುಂಬೋ ಸಿಒಟು (CO2) ಕಾರ್ಟ್ರಿಜ್ ಇದ್ರೂ ಒಂದು ಕೈಪಂಪ್ ಇರ್ಲಿ.

ಚೈನ್‌ಗೆ ವೆಟ್ ಲ್ಯೂಬ್ (ಒದ್ದೆ ದಾರಿಗಂತಾನೇ ಇರೋ ಎಣ್ಣೆ) ಹಾಕಿ, ಚಿಕ್ಕ ಬಾಟಲಲ್ಲಿ ಸ್ವಲ್ಪ ಜೊತೇಲೂ ಇಟ್ಕೊಳ್ಳಿ, ನದಿ ದಾಟಿದ ಮೇಲೆ ಬೇಕಾಗತ್ತೆ. ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸೋ ಕೊಂಡಿ), ಒಂದು ಹ್ಯಾಂಗರ್ ಎರಡೂ ಬ್ಯಾಗಲ್ಲಿರ್ಲಿ. ಲಿಂಕ್ ನಿಮ್ಮ ಚೈನ್ ಎಷ್ಟು ಸ್ಪೀಡೋ (ಹಿಂದೆ ಎಷ್ಟು ಗೇರೋ) ಅದಕ್ಕೆ ಹೊಂದೋದೇ ಆಗ್ಬೇಕು, ಹ್ಯಾಂಗರ್ ಅಂತೂ ಒಂದೊಂದು ಫ್ರೇಮಿಗೆ ಒಂದೊಂದು ಥರ, ಪಕ್ಕದೋರ ಹತ್ರ ಕೇಳಿದ್ರೆ ಸಿಗೋ ವಸ್ತು ಅಲ್ಲ. ಕೆಸರು ಮೆತ್ಕೊಂಡು ಚಕ್ರ ತಿರುಗೋದು ನಿಂತಾಗ ಜೋರಾಗಿ ತುಳಿದ್ರೆ ಮೊದ್ಲು ಮುರಿಯೋದೇ ಈ ಹ್ಯಾಂಗರ್, ಅದಕ್ಕೇ ಇಳಿದು ಒಂದು ಚಪ್ಪಟೆ ಕಡ್ಡೀಲಿ ಕೆರೆದು ಹಾಕಿ, ಆಮೇಲೆ ಹುಲ್ಲಿರೋ ಅಂಚಲ್ಲಿ ತಳ್ಕೊಂಡು ಹೋಗಿ.

ಇನ್ನು ಚಳಿ. ಸೊನ್ನೆ ಡಿಗ್ರಿ ಒಣ ಚಳಿಗಿಂತ 8-10 ಡಿಗ್ರೀಲಿ ಮಳೆ ಗಾಳಿ ಎರಡೂ ಸೇರಿದ್ರೆ ಎಷ್ಟೋ ಸಲ ಅದೇ ಹೆಚ್ಚು ಅಪಾಯ. ಮೈ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದ್ರೆ ಅದು ಹೈಪೋಥರ್ಮಿಯಾ. ನಡುಕ, ಮಾತು ತೊದಲೋದು, ಜಿಪ್ ಎಳೆಯೋಕೂ ಕೈ ಬರ್ದೇ ಇರೋದು ಇದರ ಲಕ್ಷಣ. ಅಂಥವ್ರ ನಡುಕ ಸುಮ್ನೆ ನಿಂತುಹೋಯ್ತು ಅಂದ್ರೆ ಸರಿ ಹೋದ್ರು ಅಂತ ಅಂದ್ಕೋಬೇಡಿ, ಪರಿಸ್ಥಿತಿ ಇನ್ನೂ ಕೆಟ್ಟಿದೆ ಅಂತ, ತಕ್ಷಣ ಸಹಾಯಕ್ಕೆ ಕೂಗಿ. ಹತ್ತಿ ಬನಿಯನ್ ಬೇಡ್ವೇ ಬೇಡ, ಉಣ್ಣೆ ಅಥವಾ ಸಿಂಥೆಟಿಕ್ ಹಾಕ್ಕೊಳ್ಳಿ. ಹೊಲಿಗೆ ಮೇಲೆ ಟೇಪ್ ಇರೋ ರೇನ್ ಜಾಕೆಟನ್ನ ಏರು ಮುಗೀತಿದ್ದ ಹಾಗೇ, ಇಳಿಜಾರು ಶುರುವಾಗೋ ಮುಂಚೆನೇ ಹಾಕ್ಕೊಳ್ಳಿ, ನಡುಕ ಬಂದ ಮೇಲೆ ಹಾಕಿದ್ರೆ ಬೆಚ್ಚಗಾಗೋಕೆ ಬಹಳ ಹೊತ್ತು ಬೇಕು. ಇನ್ನೊಂದು ಜೊತೆ ಗ್ಲೌಸ್ ಜಿಪ್‌ಲಾಕ್ ಕವರಲ್ಲಿ ಇರ್ಲಿ, ಅವತ್ತು ನನ್ನನ್ನ ಕೊನೇವರೆಗೂ ಸೈಕಲ್ ಮೇಲೆ ಇಟ್ಟಿದ್ದು ಆ ಒಣ ಗ್ಲೌಸೇ.

ಗಂಟೆಗೆ 60 ರಿಂದ 90 ಗ್ರಾಂ ಕಾರ್ಬ್ಸ್ (ಕಾರ್ಬೋಹೈಡ್ರೇಟ್) ಬೇಕು, ಅಷ್ಟನ್ನ ಹೊಟ್ಟೆ ತಡ್ಕೊಳ್ಳೋ ಹಾಗೆ ಲಾಂಗ್ ರೈಡ್‌ಗಳಲ್ಲೇ ಅಭ್ಯಾಸ ಮಾಡ್ಬೇಕು. ಚಳೀಲಿ ಬಾಯಾರಿಕೆ ಗೊತ್ತೇ ಆಗಲ್ಲ, ವಾಚಲ್ಲಿ ಅಲಾರಾಂ ಇಟ್ಟು ಕುಡೀರಿ. ಬಾಟಲ್ ಬಾಯಿಗೆ ಕೆಸರು ಹಾರತ್ತೆ, ಮುಚ್ಚಳ ಇರೋದು ತಗೊಳ್ಳಿ. ತಿನ್ನೋ ಬಾರ್‌ಗಳ ಕವರನ್ನ ಹಿಂದಿನ ರಾತ್ರಿನೇ ಮೂಲೇಲಿ ಸ್ವಲ್ಪ ಕತ್ತರಿಸಿಡಿ.

ನಿಮ್ಮ ರೇಸಲ್ಲಿ ಕಷ್ಟ ಬೇರೆ ಥರ ಇರ್ಬಹುದು. ಅಮೆರಿಕದ ಲೆಡ್‌ವಿಲ್ 100 ಶುರುವಾಗೋದೇ 3,000 ಮೀಟರ್ ಮೇಲೆ, ಅಲ್ಲಿಗೆ ಹೋಗೋರು ಎತ್ತರಕ್ಕೆ ಮೈ ಹೊಂದೋಕೆ ಮುಂಚೆನೇ ಹೋಗಿರ್ಬೇಕು. ಸ್ಕಾಟ್‌ಲೆಂಡಿನ ಸ್ಟ್ರಾತ್‌ಪಫರ್ ಜನವರೀಲಿ ನಡೆಯೋ 24 ಗಂಟೆ ರೇಸ್, ಬಹುಪಾಲು ಕತ್ತಲಲ್ಲೇ, ಚಳಿಗೆ ಲೈಟ್ ಬ್ಯಾಟರಿ ಬೇಗ ಇಳಿಯೋದ್ರಿಂದ ಇನ್ನೊಂದನ್ನ ಒಳಜೇಬಲ್ಲಿ ಬೆಚ್ಚಗಿಡ್ಬೇಕು. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಜೋಡಿ ರೇಸ್, ಅಲ್ಲಿ ಇಬ್ರ ನಡುವೆ ಎರಡು ನಿಮಿಷಕ್ಕಿಂತ ಅಂತರ ಆಗೋ ಹಾಗಿಲ್ಲ, ಹಾಗಾಗಿ ಇಬ್ರೂ ಜೊತೇಲೇ ಟ್ರೇನಿಂಗ್ ಮಾಡೋದು ಒಳ್ಳೇದು.

ಕಟ್‌ಆಫ್ ಟೈಮ್ (ಅಷ್ಟೊತ್ತಿಗೆ ಮುಟ್ದಿದ್ರೆ ರೇಸಿಂದ ಔಟ್) ಲೆಕ್ಕ ಹಾಕೋವಾಗ ಒಣ ದಾರಿಯ ಸ್ಪೀಡ್ ಹಿಡೀಬೇಡಿ, ಕೆಸರಿರೋ ಭಾಗಕ್ಕೆ ಅದರ ಅರ್ಧ ಇಟ್ಕೊಂಡು ಒಂದೊಂದು ಚೆಕ್‌ಪಾಯಿಂಟಿಗೂ ಎಷ್ಟೊತ್ತಿಗೆ ಮುಟ್ಬೇಕು ಅಂತ ಚೀಟಿ ಬರೆದು ಫ್ರೇಮಿನ ಮೇಲಿನ ಕೊಳವೆ, ಅಂದ್ರೆ ಟಾಪ್‌ಟ್ಯೂಬ್ ಮೇಲೆ ಅಂಟಿಸಿ, ಮೇಲೆ ಪಾರದರ್ಶಕ ಟೇಪ್ ಹಾಕಿ.