ಕೊನೆಯ ಫಾರಂ

ಶ್ರಾವಣದ ಒಂದು ರವಿವಾರ, ಮಧ್ಯಾಹ್ನ ಮೂರರ ಸುಮಾರು. ಬೆಳಗಾವಿಯ ಮಳೆ ಗೊತ್ತಲ್ಲ, ಸುರಿದು ಹೋಗುವಂಥದ್ದಲ್ಲ, ಬಂದ ಬೀಗರ ಹಾಗೆ ಕೂತೇಬಿಡುತ್ತದೆ. ಹಳೇ ಪುಸ್ತಕ ಕೊಳ್ಳಲು ಇಂಥ ದಿನ ಹೋಗಬಾರದು ಅನ್ನುತ್ತಾರೆ. ನನ್ನ ಲೆಕ್ಕ ಬೇರೆ. ಬೇಸಿಗೆಯಲ್ಲಿ ಯಾವ ಪುಸ್ತಕ ಮೂಸಿದರೂ ಬರೀ ಹಳೇ ಕಾಗದದ ವಾಸನೆ, ಬೂಷ್ಟು ಒಣಗಿ ಸುಮ್ಮನೆ ಮಲಗಿರುತ್ತದೆ. ಮಳೆಗಾಲದಲ್ಲಿ ಅದು ಎದ್ದು ಕೂರುತ್ತದೆ. ಪುಟ ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತೋ, ಆ ಪುಸ್ತಕವನ್ನು ಅಲ್ಲೇ ಇಟ್ಟು ಮುಂದೆ ಹೋಗಬೇಕು. ಒಂದು ಮುಗ್ಗಲು ಪುಸ್ತಕ ಮನೆಗೆ ಬಂದರೆ ಅಕ್ಕಪಕ್ಕದ ಹತ್ತಕ್ಕೆ ಅಂಟಿಸುತ್ತದೆ.

ಖಡೇಬಜಾರ್ ಕಡೆಯ ಗಲ್ಲಿಯೊಂದರಲ್ಲಿ ಅಂಗಡಿ. ಎದುರಿಗೆ ಹೊಟ್ಟೆ ತುಂಬಿಸುವ ಸರಕು: ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಗೈಡುಗಳು, ಶಾಲೆಯ ನೋಟ್ಸು. ಅದರ ಹಿಂದೆ ಮರಾಠಿಯ ದೀಪಾವಳಿ ಸಂಚಿಕೆಗಳ ರಾಶಿ, ಸಾವಿರಕ್ಕೂ ಹೆಚ್ಚು ರಹಸ್ಯಕಥೆ ಬರೆದ ಬಾಬುರಾವ್ ಅರ್ನಾಳಕರರ ತೆಳ್ಳನೆಯ ಪುಸ್ತಕಗಳು. ಇನ್ನೂ ಒಳಗೆ ಕನ್ನಡ ಕಾದಂಬರಿಗಳು, ಬಾಡಿಗೆ ಲೈಬ್ರರಿಯ ನೇರಳೆ ಮುದ್ರೆ ಬಿದ್ದವು. ಇಂಗ್ಲಿಷ್ ಪುಸ್ತಕಗಳು ನೆಲದ ಮೇಲೆ, ಗೋಣಿಚೀಲದ ಮೇಲೆ, ಎತ್ತರದ ಪ್ರಕಾರ ಜೋಡಿಸಿದ್ದು. ನ್ಯೂಯಾರ್ಕಿನಲ್ಲಿ ರಹಸ್ಯ ಕಾದಂಬರಿಗಳಿಗೇ ಮೀಸಲಾದ ಅಂಗಡಿ 1979ರಿಂದ ಇದೆ. ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯಲ್ಲಿದ್ದ ಅಂಥದ್ದೇ ಒಂದು 2009ರಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ಹಾಗೆ ಬೇರೆ ಕಪಾಟಿನ ಮಾತಿಲ್ಲ, ಹುಡುಕುವವನೇ ಕಪಾಟು ಕಟ್ಟಿಕೊಳ್ಳಬೇಕು.

ಐತಿಹಾಸಿಕ ಪತ್ತೇದಾರಿ ಅನ್ನುವ ಬಗೆ ಎರಡು ರಾಶಿಗಳ ನಡುವೆ ಬಿದ್ದು ಕಳೆದುಹೋಗುತ್ತದೆ. ಪತ್ತೇದಾರಿ ರಾಶಿಯಲ್ಲಿ ಕೋಟು, ಟಾರ್ಚು, ಕಾರು. ಐತಿಹಾಸಿಕ ರಾಶಿಯಲ್ಲಿ ಕುದುರೆ, ಕತ್ತಿ, ಕೋಟೆ. ಕನ್ನಡದ್ದನ್ನು ಎರಡನೆಯ ರಾಶಿಯಲ್ಲಿ ಹುಡುಕುವುದು ವಾಸಿ. ಮುಖಪುಟದಲ್ಲಿ ಕೋಟೆಯ ಜೊತೆ ಓಲೆಗರಿಯೋ ಬೀಗವೋ ಕಂಡರೆ ಹೊರಗೆಳೆಯಬಹುದು. ಇಂಗ್ಲಿಷಿನದಕ್ಕೆ ಬೆನ್ನಿನ ಮೇಲೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಿಸ್ಟರಿ’ ಅಂತಲೋ, ಸರಣಿಯ ಸಂಖ್ಯೆಯೋ ಇರುತ್ತದೆ.

ಆ ದಿನ ಕೈಗೆ ಸಿಕ್ಕಿದ್ದು ರಟ್ಟು ಹೋದ ಒಂದು ಕನ್ನಡ ಪುಸ್ತಕ. ಮೊದಲ ನಾಲ್ಕು ಪುಟ ಇಲ್ಲ, ಹಾಗಾಗಿ ಹೆಸರಿಲ್ಲ, ಬರೆದವರಿಲ್ಲ, ವರ್ಷವಿಲ್ಲ. ಆದಿಲ್‌ಶಾಹಿ ಕಾಲದ ಬಿಜಾಪುರ, ಸತ್ತು ಬಿದ್ದ ಒಬ್ಬ ಮುತ್ತಿನ ವ್ಯಾಪಾರಿ, ಲೆಕ್ಕ ಬರೆಯುವ ಕುಲಕರ್ಣಿಯೇ ಪತ್ತೇದಾರ. ಎರಡು ಪುಟ ಓದುವಷ್ಟರಲ್ಲಿ ಒಳ್ಳೇ ಕೈ ಅನ್ನಿಸಿತು.

ಇಂಥ ಪುಸ್ತಕದ ವಯಸ್ಸು ಕಂಡುಹಿಡಿಯುವುದು ಕಷ್ಟವಲ್ಲ, ಹಿಂದಿನ ಜಾಹೀರಾತು ಪುಟ ಉಳಿದಿದ್ದರೆ ಸಾಕು. ಮೊದಲು ಬೆಲೆ ನೋಡಬೇಕು. 1-8-0 ಎಂದಿದ್ದರೆ ಒಂದು ರೂಪಾಯಿ ಎಂಟಾಣೆ, ಅಂದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ಹಳೇ ಸ್ಟಾಕಿನ ಪಟ್ಟಿಯನ್ನೇ ಮತ್ತೆ ಅಚ್ಚು ಹಾಕಿದ್ದರೆ ಒಂದೆರಡು ವರ್ಷ ಆಚೀಚೆ. ‘ನ.ಪೈ.’ ಎಂದಿದ್ದರೆ ನಯಾ ಪೈಸೆಯ ಕಾಲ, ಅದು 1964ಕ್ಕೆ ಮುಗಿಯಿತು. ಆಮೇಲೆ ವಿಳಾಸ. ಆರಂಕಿಯ ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ, ‘ಬೆಂಗಳೂರು-2’ ಎಂದಷ್ಟೇ ಇದ್ದರೆ ಬಹುಶಃ ಅದಕ್ಕೂ ಮೊದಲು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ಒಳಗಿನದು. ಐಎಸ್‌ಬಿಎನ್ ಕಂಡರೆ ಇನ್ನೂ ಸುಲಭ, ಹತ್ತಂಕಿಯದಾದರೆ ಸಾಮಾನ್ಯವಾಗಿ 2007ಕ್ಕಿಂತ ಹಳೆಯದು, ಆ ವರ್ಷದಿಂದ ಹದಿಮೂರಂಕಿ ಆಯಿತು. ಲೈಬ್ರರಿಯ ಚೀಟಿ ಅಂಟಿಸಿದ್ದರೆ ಅದರ ಮೇಲಿನ ಅತಿ ಹಳೆಯ ತಾರೀಖು ಇನ್ನೊಂದು ಸಾಕ್ಷಿ. ನನ್ನ ಕೈಯಲ್ಲಿದ್ದ ಪುಸ್ತಕದ ಕೊನೆಯಲ್ಲಿ ‘ಬೆಲೆ 75 ಪೈಸೆ’, ವಿಳಾಸಕ್ಕೆ ಪಿನ್ ಇಲ್ಲ. 1964ರಿಂದ 1972ರ ನಡುವಿನದು ಅಂತ ಇಟ್ಟುಕೊಂಡೆ.

ಆಮೇಲೆ ಮಾಡುವ ಕೆಲಸ ಒಂದಿದೆ, ಅದನ್ನು ನೋಡಿದವರು ನಗುತ್ತಾರೆ. ಪುಸ್ತಕ ತಿರುವಿ ಹಿಂದಿನಿಂದ ಪುಟಸಂಖ್ಯೆ ಎಣಿಸುವುದು.

“ಹಿಂದಿಂದ ನೋಡಾಕತ್ತೀರಲ್ರಿ,” ಅಂದರು ಅಂಗಡಿ ಕಾಕಾ. “ಖೂನಿ ಮಾಡಿದಾವ ಯಾರಂತ ಈಗ ಗೊತ್ತಾದ್ರ ಓದೂದೇನ್ರಿ ಮತ್ತ?”

“ಬರೇ ನಂಬರ್ ನೋಡೂದ್ರಿ ಕಾಕಾ. ಸಾಲಿನ ಮ್ಯಾಲೆ ಕಣ್ಣ ಹಾಕಂಗಿಲ್ಲ.”

ಡೆಮಿ 1/8, ಕ್ರೌನ್ 1/8 ಆಕಾರದ ನಮ್ಮ ಪುಸ್ತಕಗಳು ಸಾಮಾನ್ಯವಾಗಿ ಹದಿನಾರು ಪುಟದ ಫಾರಂಗಳಲ್ಲಿ, ಅಂದರೆ ಮಡಿಚಿದ ಹಾಳೆಯ ಕಟ್ಟುಗಳಲ್ಲಿ, ಅಚ್ಚಾಗುತ್ತವೆ. ಪುಟ ಎಣಿಕೆ ಕಥೆಯಿಂದಲೋ ಒಳರಟ್ಟಿನಿಂದಲೋ ಎಂಬುದರ ಮೇಲೆ ಒಂದಿಷ್ಟು ಸರಿದಾಡಬಹುದು, ಆದರೆ ಲೆಕ್ಕ ಅದೇ: 1, 17, 33, 49 ಹೀಗೆ ಹೊಸ ಫಾರಂ ಶುರು. ಆ ಪುಟಗಳ ಬುಡದಲ್ಲಿ ಸಣ್ಣದೊಂದು ಅಂಕಿ ಇದ್ದರೆ ಅದೇ ಫಾರಂ ಸಂಖ್ಯೆ. ಬೈಂಡರ್ ಇವನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಾನೆ. ಕೈ ತಪ್ಪಿದರೆ ಮೂರು ಬಗೆಯ ಅನಾಹುತ. ಒಂದು ಫಾರಂ ತಲೆಕೆಳಗಾಗುವುದು, ಇದಕ್ಕೆ ಪುಸ್ತಕ ತಿರುಗಿಸಿ ಓದಿದರಾಯಿತು. ಹಿಂದುಮುಂದಾಗುವುದು, ಇದನ್ನೂ ಸಹಿಸಬಹುದು. ಮೂರನೆಯದು ಕೆಟ್ಟದ್ದು: ಒಂದೇ ಫಾರಂ ಎರಡು ಸಲ ಬಂದು, ಅದರ ಮುಂದಿನದು ಬಾರದಿರುವುದು. ರಾಶಿಯಿಂದ ಎತ್ತುವಾಗ ಎರಡು ಬಂದಿದ್ದು ಗೊತ್ತಾಗುವುದಿಲ್ಲ. ದಪ್ಪ ಸರಿಯಾಗಿಯೇ ಇರುವುದರಿಂದ ಪುಸ್ತಕ ಹೊರಗಿನಿಂದ ಪೂರ್ತಿ ಇದ್ದಂತೆ ಕಾಣುತ್ತದೆ. ಪ್ರೇಮಕಥೆಯಲ್ಲಿ ಹದಿನಾರು ಪುಟ ಹೋದರೆ ಊಹಿಸಿಕೊಳ್ಳಬಹುದು. ಪತ್ತೇದಾರಿಯಲ್ಲಿ ಹೋದರೆ ತೀರಿತು.

208, 193, 177. ಅದರ ಹಿಂದೆ ತಿರುವಿದರೆ 160. ಇನ್ನೂ ಹಿಂದೆ 145, ಅದರ ಹಿಂದೆ ಮತ್ತೆ 160, ಮತ್ತೆ 145.

ಕಾಕಾ ಕನ್ನಡಕ ಏರಿಸಿ ನೋಡಿದರು. “ಐವತ್ತ ವರ್ಷದಾಗ ಯಾರೂ ನೋಡಿಲ್ಲೇನ್ರಿ ಇದನ್ನ?” ನೋಡಿದ್ದರು. 160ನೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಮುಂದೇನು???’ ಎಂದು ಯಾರೋ ಮೂರು ಪ್ರಶ್ನೆಚಿಹ್ನೆ ಹಾಕಿದ್ದರು.

ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ. ಕಾರಣ ಒಂದು ಹುಕ್ಕಾ. ಇಬ್ರಾಹಿಂ ಆದಿಲ್ ಶಾಹನ ಕೊನೆಯ ವರ್ಷಗಳಲ್ಲಿ ನಡೆಯುವ ಕಥೆಯಲ್ಲಿ ವ್ಯಾಪಾರಿಯ ಮನೆಯ ಹುಕ್ಕಾದ ಬೂದಿ ಒಂದು ಸುಳಿವು. ಈ ಬಗೆಯ ಓದುಗರು ಇಲ್ಲಿ ಬೆರಳಿಟ್ಟು ನಿಲ್ಲುತ್ತಾರೆ: ಆಗ ತಂಬಾಕು ಇತ್ತೇ? ಬಿಜಾಪುರದಲ್ಲಿ ಇತ್ತು. ಅಕ್ಬರನ ದೂತ ಅಸದ್ ಬೇಗ್ 17ನೇ ಶತಮಾನದ ಆರಂಭದಲ್ಲಿ ಮೊದಲ ಸಲ ತಂಬಾಕು ಕಂಡದ್ದು ಬಿಜಾಪುರದಲ್ಲೇ, ಇಲ್ಲಿಂದಲೇ ಕೊಂಡೊಯ್ದು ಬಾದಶಹನ ಮುಂದಿಟ್ಟ. ಇದೇ ಬೂದಿಯನ್ನು ನೂರು ವರ್ಷ ಹಿಂದೆ ಹಂಪಿಯಲ್ಲಿ ಉದುರಿಸಿದ್ದರೆ ಪುಸ್ತಕ ಅಲ್ಲೇ ಮುಚ್ಚುತ್ತಿದ್ದೆ.

ಲಘು ಐತಿಹಾಸಿಕ ಪತ್ತೇದಾರಿಯಲ್ಲಿ ಯುದ್ಧ, ರಾಜ್ಯಾಭಿಷೇಕ ಎಲ್ಲ ಹಿಂದಿನ ಪರದೆ. ಕಥೆ ನಿಲ್ಲುವುದು ಅಡುಗೆಮನೆ, ಗಡಿಯಾರ, ನಾಣ್ಯದ ಮೇಲೆ. ಲೇಖಕರು ಎಡವುವುದೂ ಇಲ್ಲೇ. 12ನೇ ಶತಮಾನದ ಕಲ್ಯಾಣದಲ್ಲಿ ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಮೆಣಸಿನಕಾಯಿ ರಂಜಕ ಬಡಿಸುವ ಕಥೆಗಳಿವೆ. ಮೆಣಸಿನಕಾಯಿ, ಶೇಂಗಾ, ಬಟಾಟಿ, ಟೊಮೆಟೊ ಎಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು 1498ರಲ್ಲಿ ಬಂದ ನಂತರವೇ ನಮ್ಮ ಗಂಗಾಳಕ್ಕೆ ಬಿದ್ದದ್ದು. ಅದಕ್ಕೂ ಮೊದಲು ಖಾರ ಅಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಬೆರಳಚ್ಚಿನದೂ ಹೀಗೆಯೇ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೊ ಕಲ್ಕತ್ತೆಯಲ್ಲಿ 1897ರಲ್ಲಿ ಶುರುವಾಯಿತು, ಅದಕ್ಕೆ ಹತ್ತು ವರ್ಷ ಮೊದಲೇ ಫೌಜುದಾರನೊಬ್ಬ ಲೋಟದ ಮೇಲಿನ ಗುರುತಿನಿಂದ ಕಳ್ಳನನ್ನು ಹಿಡಿದರೆ ನಂಬುವುದು ಹೇಗೆ? ಸಂಖಿಯಾ, ಅಂದರೆ ಆರ್ಸೆನಿಕ್ ವಿಷವಾದರೆ ಅಡ್ಡಿಯಿಲ್ಲ, ಹೆಣದಲ್ಲಿ ಅದನ್ನು ಪತ್ತೆಹಚ್ಚುವ ಮಾರ್ಷ್ ಪರೀಕ್ಷೆ 1836ಕ್ಕೇ ಬಂದಿದೆ.

ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಇನ್ನೊಂದು ಬಲೆ. ಬಿಜಾಪುರದ ಕಥೆ ಬರೆಯುವವರು ಅಲ್ಲಿ ಒಂದು ಸಂಚು ಕೇಳಿಸದೆ ಬಿಡುವುದಿಲ್ಲ. ಅದು ಮುಹಮ್ಮದ್ ಆದಿಲ್ ಶಾಹನ ಗೋರಿ, ಅವನು ತೀರಿದ್ದು 1656ರಲ್ಲಿ. ಅವನ ತಂದೆ ಇಬ್ರಾಹಿಮನ ಕಾಲದಲ್ಲಿ ಆ ಗುಮ್ಮಟವೇ ಇಲ್ಲ. ಇದ್ದ ಕಾಲದ ಕಥೆಯಾದರೂ, ಸುಮಾರು 38 ಮೀಟರ್ ಅಗಲದ ಆಚೆ ಬದಿಗೆ ಪಿಸುಮಾತು ತಲುಪಬೇಕಾದರೆ ಒಳಗೆ ಮತ್ತೊಬ್ಬರು ಸೊಲ್ಲೆತ್ತಬಾರದು. ಒಬ್ಬ ಚಪ್ಪಾಳೆ ತಟ್ಟಿದರೂ ಅದು ಏಳೆಂಟು ಸಲ ಮರಳಿ ಬಂದು ಎಲ್ಲವನ್ನೂ ನುಂಗುತ್ತದೆ. ಈ ಪುಸ್ತಕದವರು ಗುಮ್ಮಟದ ಗೊಡವೆಗೇ ಹೋಗಿರಲಿಲ್ಲ. ಅದಕ್ಕೇ ಇನ್ನಷ್ಟು ಮೆಚ್ಚುಗೆ.

ತಪ್ಪನ್ನು ಗೊತ್ತಿದ್ದೇ ಮಾಡುವವರೂ ಇದ್ದಾರೆ. ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್ ಬರೆದ ನ್ಯಾಯಾಧೀಶ ಡೀ ಕಥೆಗಳಲ್ಲಿ ನಾಯಕ 7ನೇ ಶತಮಾನದ ತಾಂಗ್ ಅಧಿಕಾರಿ. ಬಟ್ಟೆಬರೆ, ರೀತಿರಿವಾಜು ಮಾತ್ರ ಅದಕ್ಕೆ ಸುಮಾರು ಏಳೆಂಟು ನೂರು ವರ್ಷ ಆಮೇಲಿನ ಮಿಂಗ್ ಕಾಲದ್ದು. ಹಳೆಯ ಚೀನೀ ಕಥೆಗಾರರ ಪದ್ಧತಿಯೇ ಹಾಗೆ ಅಂತ ಅವರೇ ಪುಸ್ತಕದ ಹಿಂದೆ ಬರೆದಿಟ್ಟಿದ್ದಾರೆ. ಒಪ್ಪಿಕೊಂಡ ಮೇಲೆ ಜಗಳವೇನು?

ನೆಲದ ಮೇಲಿನ ರಾಶಿಯಲ್ಲಿ ಆ ಸರಣಿಯದು ಒಂದು ಸಿಕ್ಕಿತು. ಇವನ್ನು ಪ್ರಕಟವಾದ ಕ್ರಮದಲ್ಲಿ ಓದಿದರೆ ನಾಯಕನ ವಯಸ್ಸು ಹಿಂದೆಮುಂದೆ ಓಡುತ್ತದೆ, ಅವನ ಮೊದಲ ನೇಮಕದ ಕಥೆ ಬಂದದ್ದೇ ತಡವಾಗಿ, 1959ರಲ್ಲಿ. ಬಿಡಿ ಕಥೆಗಳಾದ್ದರಿಂದ ತೊಂದರೆಯಿಲ್ಲ. ಎಲಿಸ್ ಪೀಟರ್ಸ್ ಅವರ ಸನ್ಯಾಸಿ ಪತ್ತೇದಾರ ಬ್ರದರ್ ಕ್ಯಾಡ್‌ಫೆಲ್‌ನ ಸರಣಿ ಹಾಗಲ್ಲ. ಇಪ್ಪತ್ತು ಕಾದಂಬರಿ, 1137ರಿಂದ 1145ರವರೆಗೆ ಕಾಲ ಮುಂದಕ್ಕೇ ಹೋಗುತ್ತದೆ. ನಡುವಿನದನ್ನು ಮೊದಲು ಎತ್ತಿಕೊಂಡರೆ ಯಾರು ಯಾರನ್ನು ಮದುವೆಯಾದರೆಂಬುದು ಮುಂಚೆಯೇ ಬಯಲು.

ಇನ್ನೊಂದು ಬಲೆ ಹೆಸರಿನದು. ಸುಜಾತಾ ಮ್ಯಾಸಿ ಅವರ ಮೊದಲ ಪರ್ವೀನ್ ಮಿಸ್ತ್ರಿ ಕಾದಂಬರಿ, 1921ರ ಮುಂಬಯಿಯ ಮಹಿಳಾ ವಕೀಲೆಯ ಕಥೆ, ಅಮೆರಿಕದ ಮುದ್ರಣದಲ್ಲಿ ಮಲಬಾರ್ ಹಿಲ್‌ನ ‘ವಿಧವೆಯರು’, ನಮ್ಮಲ್ಲಿ ಸಿಗುವುದರಲ್ಲಿ ಮಲಬಾರ್ ಹಿಲ್‌ನ ‘ಕೊಲೆ’. ಎರಡೂ ಒಂದೇ ಪುಸ್ತಕ. ರಾಶಿಯಲ್ಲಿ ಬೇರೆ ಬಣ್ಣದ ರಟ್ಟಿನಲ್ಲಿ ಕಂಡರೆ ಎರಡನೇ ಭಾಗವೆಂದು ಕೊಂಡು ಮನೆಯಲ್ಲಿ ಹಣೆ ಚಚ್ಚಿಕೊಳ್ಳುವವರು ಬಹಳ. ಮೊದಲ ಸಾಲು ಹೋಲಿಸಿ ನೋಡಬೇಕು, ಇಲ್ಲವೇ ಹಕ್ಕುಸ್ವಾಮ್ಯದ ಪುಟದಲ್ಲಿ ‘ಬೇರೆ ಹೆಸರಿನಲ್ಲಿ ಪ್ರಕಟ’ ಎಂಬ ಸಾಲು ಹುಡುಕಬೇಕು. ಅಂದಹಾಗೆ ಆ ಕಾಲದ ಮುಂಬಯಿಯಲ್ಲಿ ಕಥೆ ಕಟ್ಟುವವರಿಗೆ ಒಂದು ಪುಕ್ಕಟೆ ವರ ಇದೆ. ದೇಶಕ್ಕೆ ಒಂದೇ ವೇಳೆ 1906ರಲ್ಲಿ ಬಂದರೂ ಮುಂಬಯಿ ತನ್ನ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಬಿಡಲಿಲ್ಲ. ಎರಡಕ್ಕೂ 39 ನಿಮಿಷದ ಅಂತರ. ರೈಲಿನ ವೇಳಾಪಟ್ಟಿ ಒಂದು, ಮನೆಯ ಗೋಡೆ ಗಡಿಯಾರ ಇನ್ನೊಂದು. ಆ 39 ನಿಮಿಷದಲ್ಲಿ ಒಂದು ಕೊಲೆ ಸಲೀಸಾಗಿ ಹಿಡಿಸುತ್ತದೆ.

ನಮ್ಮ ಊರಿಗೂ ಒಂದು ಕಥೆ ಬಾಕಿಯಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. 1924ರ ಡಿಸೆಂಬರ್ 26, 27, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ, ಟಿಳಕವಾಡಿಯ ಬಯಲು, ಅದಕ್ಕೆಂದೇ ತೋಡಿದ ಬಾವಿ, ಯಾರ ಮುಖ ಯಾರಿಗೂ ಗೊತ್ತಿಲ್ಲದ ಸಾವಿರಾರು ಜನ. ಬರೆಯುವವರು ಮೈಸೂರು ಪೊಲೀಸರನ್ನು ಮಾತ್ರ ಕರೆತರಬಾರದು, 1956ರವರೆಗೆ ಇದು ಮುಂಬಯಿಯ ಕೈಕೆಳಗಿನ ಊರು.

ಮಳೆ ಸ್ವಲ್ಪ ಹಿಮ್ಮೆಟ್ಟಿತ್ತು. ಆರಿಸಿದ್ದು ಮೂರು ಪುಸ್ತಕ. ಇವನ್ನು ಮನೆಗೆ ತಂದ ದಿನವೇ ಕಪಾಟಿಗೆ ಸೇರಿಸುವಂತಿಲ್ಲ. ಮೊದಲು ಫ್ಯಾನಿನ ಕೆಳಗೆ ಬೀಸಣಿಗೆಯ ಹಾಗೆ ನಿಲ್ಲಿಸಿ ಎರಡು ದಿನ ಒಣಗಿಸಬೇಕು, ಬಿಸಿಲಿಗಿಟ್ಟರೆ ಬೆನ್ನಿನ ಅಂಟು ಬಿರಿಯುತ್ತದೆ. ಆಮೇಲೆ ಗಾಳಿ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ. ಬೆಳ್ಳಿಹುಳ, ಅದರ ತತ್ತಿ ಸಾಯುವುದು ಇದರಿಂದ, ಡಾಂಬರು ಗುಳಿಗೆ ಬರೀ ದೂರ ಇಡುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಆತುರಪಟ್ಟು ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕಟ್ಟಿ ಇಷ್ಟು ದಿನ ಒಣಗಿಸಿದ್ದೆಲ್ಲ ವ್ಯರ್ಥ. ಹರಿದ ಪುಟಕ್ಕೆ ಸೆಲ್ಲೊಟೇಪು ಬೇಡ, ಹತ್ತು ವರ್ಷಕ್ಕೆ ಟೇಪು ಉದುರಿ ಹಳದಿ ಕಲೆ ಮಾತ್ರ ಉಳಿಯುತ್ತದೆ. ತೆಳು ಕಾಗದದ ಪಟ್ಟಿ, ಮೈದಾ ಅಂಟು ಸಾಕು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು ಹಳೇ ಬೈಂಡರುಗಳ ರೂಢಿ, ಹುಳ ತಿನ್ನುವುದಿಲ್ಲ.

“ಇದನ್ಯಾಕ ತಗೋತೀರಿ, ಹದಿನಾರ ಪುಟ ಇಲ್ಲದ್ದನ್ನ,” ಅಂದರು ಕಾಕಾ, ರಟ್ಟಿಲ್ಲದ ಪುಸ್ತಕ ತೂಗಿ ನೋಡುತ್ತ.

“ಎರಡ ಸಲ ಬಂದಿದ್ದೊಂದು ಫಾರಂ ಐತಲ್ರಿ. ಎಲ್ಲೋ ಒಂದ ಪುಸ್ತಕದಾಗ 161 ಎರಡ ಸಲ ಬಂದಿರತೈತಿ.”

ಕಾಕಾ ಗೈಡಿನ ರಟ್ಟಿನಿಂದ ಒಂದು ಚೂರು ಹರಿದು ‘161–176, ಬಿಜಾಪುರ ಕುಲಕರ್ಣಿ’ ಅಂತ ಬರೆದು ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಸಿಕ್ಕಿಸಿದರು. ಮೂರಕ್ಕೂ ಸೇರಿ ಇಪ್ಪತ್ತು ರೂಪಾಯಿ ಕಡಿಮೆ ಹಿಡಿದುಕೊಂಡರು.