ಹಳೆಯ ಕಂಪ್ಯೂಟರ್, ಹೊಸ ಪರದೆ: ಕೇಂಬ್ರಿಡ್ಜ್‌ನಿಂದ ರಾಯಚೂರಿನವರಿಗೆ

ರಾಯಚೂರಿನ ತೀನ್ ಕಂದೀಲ್ ವೃತ್ತದಲ್ಲಿ ನಿಂತು ಯಾರ ಮೊಬೈಲನ್ನು ಬಿಚ್ಚಿ ನೋಡಿದರೂ ಒಳಗಿನ ಪ್ರೊಸೆಸರ್ ಬಹುತೇಕ ಆರ್ಮ್ ಎಂಬ ವಿನ್ಯಾಸದ ವಂಶದ್ದೇ. ಆ ವಂಶದ ಮೊದಲ ಚಿಪ್ ಕೆಲಸ ಶುರುಮಾಡಿದ್ದು 1985ರ ಏಪ್ರಿಲ್ 26ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿಯಲ್ಲಿ. ಶಕ್ತಿನಗರದ ನಮ್ಮ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾದದ್ದೂ ಅದೇ ವರ್ಷ. ಚಿಪ್ಪನ್ನು ಪರೀಕ್ಷಿಸಲು ಏಕಾರ್ನ್‌ನವರು ಅದನ್ನು ಜೋಡಿಸಿದ್ದು ತಾವೇ ತಯಾರಿಸಿದ್ದ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರಿಗೆ. ನೌಕರಿಗಾಗಿ ರಾಯಚೂರು ಬಿಟ್ಟು ಈ ಊರಿಗೆ ಬಂದ ಮೇಲೆ ನಾನು ಆ ಕಾಲದ ಮನೆಬಳಕೆಯ ಕಂಪ್ಯೂಟರ್‌ಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಇಂದಿನ ಪರದೆಗೆ ಜೋಡಿಸುವುದರಲ್ಲಿ ಮುಳುಗಿದ್ದೇನೆ.

ಇಲ್ಲಿ ಭಾನುವಾರ ಬೆಳಿಗ್ಗೆ ಊರಾಚೆಯ ಬಯಲುಗಳಲ್ಲಿ ಕಾರ್ ಬೂಟ್ ಸಂತೆ ಸೇರುತ್ತದೆ. ಮನೆಯಲ್ಲಿ ಬೇಡವಾದದ್ದನ್ನು ಜನ ಕಾರಿನ ಡಿಕ್ಕಿಯಲ್ಲಿ ತಂದು, ಮಡಚುವ ಮೇಜಿನ ಮೇಲೆ ಹರಡಿ ಮಾರುತ್ತಾರೆ. ಪಿಂಗಾಣಿ ಬಟ್ಟಲು, ಮಕ್ಕಳ ಸೈಕಲ್, ತುಕ್ಕು ಹಿಡಿದ ಗರಗಸಗಳ ನಡುವೆ ಒಮ್ಮೊಮ್ಮೆ ರಬ್ಬರ್ ಕೀಲಿಗಳ ಪುಟ್ಟ ಕಪ್ಪು ಪೆಟ್ಟಿಗೆಯೊಂದು ಕಾಣುತ್ತದೆ. ಅದು ಜೆಡ್‌ಎಕ್ಸ್ ಸ್ಪೆಕ್ಟ್ರಮ್. 1982ರಲ್ಲಿ ಕೇಂಬ್ರಿಡ್ಜ್‌ನ ಸಿಂಕ್ಲೇರ್ ಕಂಪನಿ ಅದನ್ನು ಹೊರತಂದಾಗ 16 ಕೆಬಿ ಮೆಮೊರಿಯದ್ದಕ್ಕೆ 125 ಪೌಂಡ್, 48 ಕೆಬಿಯದ್ದಕ್ಕೆ 175 ಪೌಂಡ್. ಕಂಪ್ಯೂಟರ್ ಎಂದರೆ ಸರ್ಕಾರಿ ಕಚೇರಿಯ ಎ.ಸಿ. ಕೋಣೆಯಲ್ಲಿರುವ ಯಂತ್ರ ಎಂದು ನಮ್ಮ ಕಡೆ ಅನೇಕರು ನಂಬಿದ್ದ ಕಾಲದಲ್ಲಿ, ಶಾಲೆಗೆ ಹೋಗುವ ಮಕ್ಕಳು ಇದನ್ನು ಮನೆಯ ಟಿವಿಗೆ ಸಿಕ್ಕಿಸಿಕೊಂಡು ಪ್ರೋಗ್ರಾಮ್ ಬರೆಯಲು ಕಲಿತರು. ಈ ಪೆಟ್ಟಿಗೆಯ ಮೇಲೆ ನನಗಿರುವ ಗೌರವಕ್ಕೆ ಅದೇ ಕಾರಣ.

ಈ ಕಥೆಗೆ ನಮ್ಮ ದೇಶದ ಕೊಂಡಿಗಳೂ ಇವೆ. 1984-85ರಲ್ಲಿ ಕೇಂದ್ರ ಸರ್ಕಾರ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು 'ಕ್ಲಾಸ್' ಎಂಬ ಯೋಜನೆ ಆರಂಭಿಸಿದಾಗ ಶಾಲೆಗಳಿಗೆ ಹೋದದ್ದು ಬಿಬಿಸಿ ಮೈಕ್ರೊಗಳೇ. ಸ್ಪೆಕ್ಟ್ರಮ್ ಅನ್ನು ಪುಣೆಯ ಡೆಸಿಬೆಲ್ಸ್ ಎಂಬ ಕಂಪನಿ ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಮಾರಿತು. ಆ ಪೀಳಿಗೆಯ ಯಂತ್ರಗಳಲ್ಲಿ ಎಷ್ಟೋ ಗುಜರಿಗೆ ಹೋಗಿವೆ ಎಂದು ನೆನೆದಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಳೆಯ ಯಂತ್ರ ಕೈಗೆ ಬಂದ ಕೂಡಲೇ ಸ್ವಿಚ್ ಹಾಕಬಾರದು. ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿ ರೀಫಾ ಕಂಪನಿಯ ಕೆಪ್ಯಾಸಿಟರ್ ಎಂಬ ಬಿಡಿಭಾಗಗಳಿರುತ್ತವೆ. ಅವುಗಳ ಪಾರದರ್ಶಕ ಹೊದಿಕೆ ವರ್ಷ ಕಳೆದಂತೆ ಬಿರುಕು ಬಿಟ್ಟು, ಒಳಗಿನ ಕಾಗದ ತೇವ ಹೀರಿಕೊಂಡು, ಕರೆಂಟ್ ಹರಿದಾಗ ದಟ್ಟ ಹೊಗೆಯೊಂದಿಗೆ ಸುಟ್ಟುಹೋಗುತ್ತವೆ. ಮೊದಲು ಅವನ್ನು ಬದಲಿಸಬೇಕು. ಅದೇ ಕಾಲದ ಕಮೊಡೋರ್ 64 ಎಂಬ ಕಂಪ್ಯೂಟರಿನ ಮೂಲ ಅಡಾಪ್ಟರ್ ಇನ್ನೂ ಅಪಾಯಕಾರಿ: ಅದು ಕೆಡುವಾಗ 5 ವೋಲ್ಟ್ ಇರಬೇಕಾದಲ್ಲಿ ಹೆಚ್ಚು ವೋಲ್ಟ್ ಹರಿಸಿ ಮೆಮೊರಿ ಚಿಪ್‌ಗಳನ್ನೇ ಕೊಂದುಬಿಡುತ್ತದೆ. ಸ್ಪೆಕ್ಟ್ರಮ್‌ನ 9 ವೋಲ್ಟ್ ಪಿನ್ನಿನಲ್ಲಿ ನಡುವಿನದು ನೆಗೆಟಿವ್. ಈಗಿನ ಸಾಮಾನ್ಯ ಅಡಾಪ್ಟರ್‌ಗಳಿಗೆ ಇದು ತಿರುವುಮುರುವು.

ಇಷ್ಟೆಲ್ಲ ಸರಿಯಾದ ಮೇಲೆ ಬರುವುದು ನಿಜವಾದ ಸಮಸ್ಯೆ, ಪರದೆಯದು.

ನಮ್ಮ ಹಳೆಯ ಟಿವಿ ಪ್ರಸಾರದಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳಿದ್ದವು. ಅವೆಲ್ಲ ಒಮ್ಮೆಲೇ ಬರುತ್ತಿರಲಿಲ್ಲ: ಮೊದಲು ಬೆಸಸಂಖ್ಯೆಯ ಗೆರೆಗಳು, ಆಮೇಲೆ ಅವುಗಳ ನಡುವೆ ಸಮಸಂಖ್ಯೆಯವು, ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳು. ಸ್ಪೆಕ್ಟ್ರಮ್‌ನಂಥ ಅಗ್ಗದ ಯಂತ್ರಗಳು ಈ ಹೆಣಿಗೆಯ ಗೋಜಿಗೇ ಹೋಗಲಿಲ್ಲ. 312 ಗೆರೆಗಳ ಒಂದೇ ಚೌಕಟ್ಟನ್ನು ಮತ್ತೆ ಮತ್ತೆ ಕಳುಹಿಸಿದವು. ಗಾಜಿನ ಟ್ಯೂಬಿನ ಟಿವಿ ಅದನ್ನು ಹೇಗೆ ಬಂತೋ ಹಾಗೆ ತೋರಿಸಿತು, ಗೆರೆಗಳ ನಡುವೆ ತೆಳುವಾದ ಕಪ್ಪು ಸಂದು ಉಳಿಯಿತು ಅಷ್ಟೇ. ಇಂದಿನ ಎಲ್‌ಇಡಿ ಟಿವಿಗಳಲ್ಲಿ ಅನೇಕವು ಅದನ್ನು ಅರ್ಧಚಿತ್ರವೆಂದೇ ಭಾವಿಸುತ್ತವೆ. ಇಲ್ಲದ ಇನ್ನರ್ಧವನ್ನು ಹುಡುಕಿ ಹೆಣೆಯಲು ಹೋಗಿ ಅಕ್ಷರಗಳ ಅಂಚನ್ನು ಕಲಸಿಬಿಡುತ್ತವೆ, ಕೀಲಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡ ಮಾಡುತ್ತವೆ. ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಹೆಚ್ಚಿನವು ಚಿತ್ರವನ್ನು ಒಪ್ಪುವುದೇ ಇಲ್ಲ. ಅವು ಸೆಕೆಂಡಿಗೆ ಕನಿಷ್ಠ 31 ಸಾವಿರದಷ್ಟು ಗೆರೆ ಬೇಡುತ್ತವೆ. ಹಳೆಯ ಯಂತ್ರ ಕೊಡುವುದು ಸುಮಾರು 15,625.

ಇದನ್ನು ನನಗೆ ಬಿಡಿಸಿ ಹೇಳಿದವರು ರಾಯಚೂರಿನ ಒಬ್ಬ ಟಿವಿ ಮೆಕ್ಯಾನಿಕ್. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳೂ ಇದ್ದವು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ತಂತಿ ಬಲೆಯ ದೊಡ್ಡ ಕೊಡೆಯಂಥ ಆಂಟೆನಾವನ್ನು ತಮ್ಮ ಹಳ್ಳಿಯಲ್ಲಿ ಬೆರಗಿನಿಂದ ನೋಡಿದ ಹುಡುಗನೇ ಈ ಕಾಕಾ. ಟಿವಿಯ ಒಳಗೆ ಏನಿದೆ ಎಂಬ ಅವರ ಕುತೂಹಲ ಅಂದು ಹುಟ್ಟಿದ್ದು ಇಂದಿಗೂ ಬತ್ತಿಲ್ಲ. ವಿಡಿಯೊ ಕರೆಯಲ್ಲಿ ನನ್ನ ಪರದೆ ನೋಡಿದವರೇ, "ಚಿತ್ರ ಕೆಟ್ಟಿಲ್ಲಪ್ಪ, ನಿನ್ನ ಹೊಸ ಟಿವಿಗೆ ಅದನ್ನು ಓದಲು ಬರುತ್ತಿಲ್ಲ. ನಡುವೆ ಒಬ್ಬ ದುಭಾಷಿಯನ್ನು ಇಡು" ಎಂದರು.

ಆ ದುಭಾಷಿಗಳು ಈಗ ಸಿಗುತ್ತವೆ. ರೆಟ್ರೋಟಿಂಕ್, ಒಎಸ್‌ಎಸ್‌ಸಿ ಎಂಬ ಸಾಧನಗಳು ಪ್ರತಿ ಗೆರೆಯನ್ನೂ ಎರಡು ಬಾರಿ ಕಳುಹಿಸಿ, ಇಂದಿನ ಟಿವಿಗಳು ಬಳಸುವ ಎಚ್‌ಡಿಎಂಐಗೆ ಬದಲಿಸುತ್ತವೆ. ಇಡೀ ಚಿತ್ರ ತುಂಬುವವರೆಗೆ ಕಾಯದ ಕಾರಣ ತಡ ಗೊತ್ತಾಗುವುದಿಲ್ಲ. ಬಿಬಿಸಿ ಮೈಕ್ರೊಗೆ ಇನ್ನೂ ಒಳ್ಳೆಯ ದಾರಿಯಿದೆ. ಅದು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆ ತಂತಿಯಲ್ಲಿ 'ಇದೆ' ಅಥವಾ 'ಇಲ್ಲ' ಎಂದಷ್ಟೇ ಕಳುಹಿಸುತ್ತದೆ. ಆದ್ದರಿಂದಲೇ ಅದರಲ್ಲಿ ಎಂಟು ಬಣ್ಣ. ರಾಸ್ಪ್‌ಬೆರಿ ಪೈ ಜೀರೊ ಎಂಬ ಪುಟಾಣಿ ಕಂಪ್ಯೂಟರನ್ನು ಬಳಸುವ 'ಆರ್‌ಜಿಬಿ ಟು ಎಚ್‌ಡಿಎಂಐ' ಎಂಬ ಪುಟ್ಟ ಬೋರ್ಡು ಒಂದೊಂದು ಚುಕ್ಕಿಯನ್ನೂ ಹಾಗೆಯೇ ಎಣಿಸಿಕೊಂಡು ಪರದೆಗೆ ಇಳಿಸುತ್ತದೆ. ಆ ಸ್ವಚ್ಛತೆಯನ್ನು ಕಣ್ಣಾರೆ ನೋಡಬೇಕು. ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ: ಟಿವಿಯಲ್ಲಿ ಚಿತ್ರದ ಅಗಲ-ಎತ್ತರದ ಅಳತೆಯನ್ನು 4:3ಕ್ಕೇ ಇಡಬೇಕು. ಅಗಲದ ಪರದೆ ತುಂಬಲೆಂದು ಎಳೆದರೆ ಯಾರೋ ಶ್ರಮಪಟ್ಟು ಬಿಡಿಸಿದ ವೃತ್ತ ಮೊಟ್ಟೆಯಾಗುತ್ತದೆ. ಎಡಬಲದಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ.

ಹೋದ ರಜೆಗೆ ಒಂದು ಸ್ಪೆಕ್ಟ್ರಮ್ ಅನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ರಾಯಚೂರಿಗೆ ಬಂದೆ. ಬಿಸಿಲೂರಿಗೆ ಬರುವುದೆಂದು ಅದರೊಳಗಿನ ಬಿಸಿಯಾಗುವ ವೋಲ್ಟೇಜ್ ರೆಗ್ಯುಲೇಟರ್ ತೆಗೆದು, ತಣ್ಣಗಿರುವ ಹೊಸ ಬಗೆಯದನ್ನು ಮೊದಲೇ ಹಾಕಿದ್ದೆ. ಬಣ್ಣದ ಟಿವಿಯಲ್ಲಿ ಬ್ರಿಟನ್ನಿನದೂ ನಮ್ಮದೂ ಪಾಲ್ ಪದ್ಧತಿಯೇ, ಎರಡೂ ಕಡೆ 50 ಹರ್ಟ್ಸ್. ಕಾಕಾ ಅಂಗಡಿಯ ಟ್ಯೂಬ್ ಟಿವಿಗೆ ಆಂಟೆನಾ ತಂತಿ ಸಿಕ್ಕಿಸಿ, ಯುಎಚ್‌ಎಫ್‌ನ 36ನೇ ಚಾನೆಲ್ಲಿನ ಸುತ್ತ ಹುಡುಕಿದರು. ಚಿತ್ರ ನಿಂತಿತು. "ಅವರ ಧ್ವನಿ 6 ಮೆಗಾಹರ್ಟ್ಸ್ ದೂರದಲ್ಲಿರುತ್ತದೆ, ನಮ್ಮದು ಐದೂವರೆ. ಧ್ವನಿ ಬರುವುದಿಲ್ಲ, ನೋಡು" ಎಂದರು. ಸ್ಪೆಕ್ಟ್ರಮ್‌ನ ಸ್ಪೀಕರ್ ಅದರ ಹೊಟ್ಟೆಯೊಳಗೇ ಇರುವುದರಿಂದ ತೊಂದರೆಯಾಗಲಿಲ್ಲ. ಆಮೇಲೆ ಅವರೇ ಮುಚ್ಚಳ ತೆಗೆದು, ಚಿತ್ರವನ್ನು ಟಿವಿ ಚಾನೆಲ್ಲಿಗೆ ಏರಿಸುವ ಮಾಡ್ಯುಲೇಟರ್ ಡಬ್ಬಿಗೆ ಹೋಗುವ ತಂತಿಗಳನ್ನು ಬಿಡಿಸಿ, ಚಿತ್ರದ ತಂತಿಯನ್ನು ಹೊರಗಿನ ಸಾಕೆಟ್ಟಿನ ನಡುಕಡ್ಡಿಗೆ ನೇರವಾಗಿ ಬೆಸೆದರು. ಕನ್ನಡಕ ಹಣೆಗೇರಿಸಿ ಅವರು ಬೆಸುಗೆ ಕಡ್ಡಿ ಹಿಡಿಯುವ ರೀತಿಯನ್ನು ನೋಡಲೆಂದೇ ನಾನು ಆ ಅಂಗಡಿಗೆ ಹೋಗಬಲ್ಲೆ.

ಅಕ್ಕನ ಮನೆಯ ಎಲ್‌ಇಡಿ ಟಿವಿಯಲ್ಲಿ, ದುಭಾಷಿ ಡಬ್ಬಿಯ ಮೂಲಕ, ಚಿತ್ರ ಇನ್ನಷ್ಟು ಚೆನ್ನಾಗಿ ಮೂಡಿತು. ಅಕ್ಕನ ಮಗಳು ತನ್ನ ಮೊಬೈಲಿನ ಇಯರ್‌ಫೋನ್ ತೂತಿನಿಂದ ಸ್ಪೆಕ್ಟ್ರಮ್‌ನ ಕ್ಯಾಸೆಟ್ ತೂತಿಗೆ ತಂತಿ ಹಾಕಿ, ಆಟವೊಂದರ ಪ್ರೋಗ್ರಾಮನ್ನು ಕೀಚಲು ಸದ್ದಾಗಿ ನುಡಿಸಿದಳು; ಆಗ ಪ್ರೋಗ್ರಾಮ್‌ಗಳನ್ನು ಕ್ಯಾಸೆಟ್ಟಿನಲ್ಲಿ ಸದ್ದಿನ ರೂಪದಲ್ಲೇ ಇಡುತ್ತಿದ್ದರು. ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟಿಗಳು ಓಡಿದವು. 48 ಕೆಬಿ ತುಂಬಲು ಸುಮಾರು ಐದು ನಿಮಿಷ ಬೇಕು. ಅವಳು ಕದಲದೆ ಕುಳಿತಳು.

"ಮಾಮಾ, ಇದಕ್ಕೆ ಕನ್ನಡ ಬರುತ್ತದೆಯೇ?" ಎಂದು ಅವಳು ಕೇಳಿದ ಮೇಲೆ ಆಟ ಹಿಂದೆ ಸರಿಯಿತು. ಸ್ಪೆಕ್ಟ್ರಮ್‌ನಲ್ಲಿ ನಾವೇ ಬಿಡಿಸಿಕೊಳ್ಳಲು 21 ಅಕ್ಷರಗಳಿಗೆ ಜಾಗವಿದೆ. ಒಂದೊಂದೂ ಒಂದು ಚೌಕ: ಎಂಟು ಅಡ್ಡ, ಎಂಟು ಉದ್ದ, ಒಟ್ಟು 64 ಚುಕ್ಕಿ. ಗ್ರಾಫ್ ಹಾಳೆಯಲ್ಲಿ ಚುಕ್ಕಿಗೊಂದು ಮನೆಯಂತೆ ತುಂಬಿ, ತುಂಬಿದ್ದಕ್ಕೆ ಒಂದು, ಖಾಲಿಗೆ ಸೊನ್ನೆ ಎಂದು ಸಾಲುಸಾಲಾಗಿ ಬರೆದು ಯಂತ್ರಕ್ಕೆ ಉಣಿಸಬೇಕು. 'ರಾ', 'ಯ', 'ರು' ಒಂದೊಂದು ಚೌಕದಲ್ಲಿ ಕುಳಿತವು; 'ಚೂ'ಗೆ ಎರಡು ಚೌಕ ಬೇಕಾಯಿತು. ರಾಯಚೂರಿಗೆ ಒಂದು ಸಾಲು ಸಾಕು. ಬಳ್ಳಾರಿಗೂ ಕೊಪ್ಪಳಕ್ಕೂ ಒತ್ತಕ್ಷರ ಇರುವುದರಿಂದ ಕೆಳಗೆ ಇನ್ನೊಂದು ಸಾಲು ತೆರೆಯಬೇಕು. ಈ ಯಂತ್ರದಲ್ಲಿ ಒಂದು ಚೌಕಕ್ಕೆ ಎರಡೇ ಬಣ್ಣ ಎಂಬ ಕಟ್ಟಳೆಯಿದೆ. ಬಳ್ಳಾರಿಯ ಒತ್ತು ಬೇರೆ ಚೌಕದಲ್ಲಿರುವುದರಿಂದ ಅವಳು ಅದಕ್ಕೆ ಮಾತ್ರ ಹಳದಿ ಕೊಟ್ಟಳು. ಸಿಕ್ಕ ಕಟ್ಟಳೆಯನ್ನೇ ಅಲಂಕಾರವಾಗಿಸಿಕೊಂಡ ಆ ಬುದ್ಧಿಯನ್ನು ನಾನು ಹೇಳಿಕೊಟ್ಟಿರಲಿಲ್ಲ. ಇಂಥ ಯಂತ್ರ ಗಾಜಿನ ಕಪಾಟಿನಲ್ಲಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ; ಅದು ಮಕ್ಕಳ ಕೈಯಲ್ಲಿರಬೇಕು, ಉರಿಯುವ ಪರದೆಯ ಮುಂದಿರಬೇಕು.

ಆದ್ದರಿಂದ ಊರಿನವರಲ್ಲಿ ಒಂದು ಕೋರಿಕೆ. ನಮ್ಮ ಭಾಗದ ಹಳೆಯ ಪ್ರೌಢಶಾಲೆಗಳ, ಕಾಲೇಜುಗಳ ಶಿಕ್ಷಕರು ಉಗ್ರಾಣವನ್ನೊಮ್ಮೆ ನೋಡಿ. ಕೆನೆಬಣ್ಣದ ದಪ್ಪ ಪೆಟ್ಟಿಗೆ, ಕಪ್ಪು ಕೀಲಿಗಳು, ಅವುಗಳ ಮೇಲೆ ಕೆಂಪು-ಕಿತ್ತಳೆ ಕೀಲಿಗಳ ಒಂದು ಸಾಲು, ಚುಕ್ಕಿಗಳಲ್ಲಿ ಮೂಡಿದ ಗೂಬೆಯ ಚಿಹ್ನೆ ಕಂಡರೆ ಅದು ಬಿಬಿಸಿ ಮೈಕ್ರೊ. ಗುಜರಿಯವರಿಗೆ ಕೊಡಬೇಡಿ, ಸ್ವಿಚ್ಚನ್ನೂ ಹಾಕಬೇಡಿ. ಊರಿನ ಒಳ್ಳೆಯ ಟಿವಿ ಮೆಕ್ಯಾನಿಕ್‌ಗೆ ತೋರಿಸಿ, ಪವರ್ ಸಪ್ಲೈಯ ಕೆಪ್ಯಾಸಿಟರ್ ಮೊದಲು ಬದಲಿಸಲು ಹೇಳಿ. ಮನೆಯಲ್ಲಿ ನಡೆಯುವ ಟ್ಯೂಬ್ ಟಿವಿ ಇದ್ದರೆ, ಅದರಲ್ಲೂ ಹಳದಿ ಬಣ್ಣದ ಎವಿ ಸಾಕೆಟ್ ಇದ್ದರೆ, ಅದನ್ನೂ ಉಳಿಸಿ. ಪರದೆಗೆ ಜೋಡಿಸುವ ಬೋರ್ಡನ್ನು ಮುಂದಿನ ರಜೆಗೆ ಬರುವಾಗ ನಾನು ತರುತ್ತೇನೆ, ಬೆಸೆಯಲು ಕಾಕಾ ಇದ್ದಾರೆ.